ಸ್ಲೈಡ್ ರೀಲು ತೊಳೆಸಲು ಕೊಡಗಿನಿಂದ ಲ್ಯಾಬ್‌ಗೆ ಕಳಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಗೋಣಿಕೊಪ್ಪದ ಒಂದು ಸ್ಟುಡಿಯೋದಲ್ಲಿ ಸ್ಲೈಡ್ ರೀಲು ತೊಳೆದು ಕೊಡ್ತೀರಾ ಅಂತ ಕೇಳಿದ್ದೆ. ನೆಗೆಟಿವ್ ಬದಲು ನೇರವಾಗಿ ಚಿತ್ರವೇ ಮೂಡುವ ಫಿಲ್ಮ್ ಅದು, ತೊಳೆಯುವುದು ಅಂದರೆ ಡೆವಲಪ್ ಮಾಡುವುದು. ಅಂಗಡಿಯವರು ರೀಲನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಎರಡು ಸಲ ತಿರುಗಿಸಿ ನೋಡಿದರು. "ಇದು ಇನ್ನೂ ಬರುತ್ತಾ?" ಅಂತ ನನ್ನನ್ನೇ ಕೇಳಿದರು.

ಬರುತ್ತದೆ. 2012ರಲ್ಲಿ ಕೊಡಾಕ್ ಕೈಬಿಟ್ಟಿದ್ದ ಸ್ಲೈಡ್ ಫಿಲ್ಮ್ ಎಕ್ಟಾಕ್ರೋಮ್ 2018ರಲ್ಲಿ ಇ100 ಆಗಿ ವಾಪಸ್ ಬಂತು. ಫ್ಯೂಜಿಯ ವೆಲ್ವಿಯಾ 50, ಪ್ರೊವಿಯಾ 100ಎಫ್ ಕೂಡ ಇವೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಅದು ಬೇರೆ ಮಾತು. ದುಡ್ಡು ಕೊಟ್ಟರೆ ರೀಲು ಸಿಗುತ್ತದೆ. ಅದನ್ನು ಸರಿಯಾಗಿ ತೊಳೆಯುವವರು ಸಿಗುವುದೇ ಕಷ್ಟ. ಕೊಡಗಿನಲ್ಲಿ ಕೂತು ಸ್ಲೈಡ್ ತೆಗೆಯುವವರು ರೀಲನ್ನು ಹೊರಗೆ ಕಳಿಸಲೇಬೇಕು.

ನಾನು ಕೆಲವು ವರ್ಷಗಳಿಂದ ಕಳಿಸುತ್ತಿದ್ದೇನೆ. ಎರಡು ಸಲ ಪೆಟ್ಟು ತಿಂದಿದ್ದೇನೆ. ಒಂದು ಪೂರ್ತಿ ನನ್ನ ತಪ್ಪು, ಇನ್ನೊಂದು ಅರ್ಧ ನನ್ನದು. ಎರಡನ್ನೂ ಮುಂದೆ ಹೇಳುತ್ತೇನೆ.

ಮೊದಲು ಒಂದು ವಿಷಯ. ನೆಗೆಟಿವ್ ಆದರೆ ಪ್ರಿಂಟ್ ಹಾಕುವಾಗ ಬೆಳಕು, ಬಣ್ಣ ಅಷ್ಟಿಷ್ಟು ಸರಿಮಾಡಬಹುದು. ಸ್ಲೈಡ್‌ಗೆ ಆ ಎರಡನೇ ಹಂತವೇ ಇಲ್ಲ. ತಲಕಾವೇರಿಯ ಮಂಜಿನಲ್ಲಿ ನಿಮ್ಮ ಕ್ಯಾಮೆರಾದೊಳಗೆ ಇತ್ತಲ್ಲ, ಅದೇ ಫಿಲ್ಮ್ ಚಿತ್ರವಾಗಿ ಕೈಗೆ ಬರುತ್ತದೆ. ಹಾಗಾಗಿ ಪಾರ್ಸಲ್ ಕಟ್ಟುವ ಕೆಲಸವನ್ನೂ ನಾನು ಫೋಟೋ ತೆಗೆಯುವ ಕೆಲಸದ ಲೆಕ್ಕಕ್ಕೇ ಸೇರಿಸುತ್ತೇನೆ.

ಕೈಯಲ್ಲಿರುವ ರೀಲು ಯಾವುದು?

ಹೊಸ ರೀಲಾದರೆ ಯಾವ ಕ್ರಮದಲ್ಲಿ ತೊಳೆಯಬೇಕು ಅಂತ ಕ್ಯಾಸೆಟ್ ಮೇಲೆಯೇ ಅಚ್ಚಾಗಿರುತ್ತದೆ. ಸ್ಲೈಡ್‌ಗೆ ಇ-6, ಕಲರ್ ನೆಗೆಟಿವ್‌ಗೆ ಸಿ-41. ಹಳೆಯ ರೀಲುಗಳಿಗೆ ಒಂದು ಸುಲಭದ ಗುರುತಿದೆ. ಹೆಸರಿನ ಕೊನೆಗೆ "ಕ್ರೋಮ್" ಅಂತ ಇದ್ದರೆ ಸಾಮಾನ್ಯವಾಗಿ ಸ್ಲೈಡ್, "ಕಲರ್" ಅಂತ ಇದ್ದರೆ ನೆಗೆಟಿವ್. ಫ್ಯೂಜಿಕ್ರೋಮ್, ಫ್ಯೂಜಿಕಲರ್ ಹಾಗೆ.

ಆದರೆ ಕ್ರೋಮ್ ಅಂತ ಇದ್ದದ್ದೆಲ್ಲ ಇ-6 ಅಲ್ಲ. ನಮ್ಮ ಕಡೆ ಮಿಲಿಟರಿಯಲ್ಲಿದ್ದವರ ಮನೆಗಳಲ್ಲಿ, ಹಳೆ ತೋಟದ ಬಂಗಲೆಗಳಲ್ಲಿ ಬೀರು ಖಾಲಿ ಮಾಡುವಾಗ ಒಂದೊಂದು ಕೊಡಾಕ್ರೋಮ್ ರೀಲು ಸಿಗುವುದುಂಟು. ಅದನ್ನು ಇ-6 ಲ್ಯಾಬ್‌ಗೆ ಕಳಿಸಬೇಡಿ. ಕೊಡಾಕ್ರೋಮ್‌ನ ಬಣ್ಣ ಫಿಲ್ಮ್‌ನೊಳಗೆ ಇರುವುದೇ ಇಲ್ಲ, ತೊಳೆಯುವಾಗ ಸೇರಿಸಬೇಕು. ಆ ಕೆ-14 ಕ್ರಮ ಮಾಡುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕ್ಯಾನ್ಸಸ್‌ನ ಡ್ವೇನ್ಸ್ ಫೋಟೋ. ಅವರು 2010ರ ಡಿಸೆಂಬರ್ 30ರ ನಂತರ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಈಗ ಆ ರೀಲಿನಿಂದ ಕಪ್ಪು-ಬಿಳುಪು ಚಿತ್ರ ಬಂದರೆ ಅದೇ ದೊಡ್ಡದು. ಅದರ ಬೆನ್ನಿಗಿರುವ ಕಪ್ಪು ಮಸಿಯ ಲೇಪ ಇ-6 ಮೆಷಿನ್‌ಗೆ ಹೋದರೆ ಬೇರೆಯವರ ರೀಲುಗಳೂ ಹಾಳು. ಇ-4 ಅಂತ ಅಚ್ಚಾದ ಹಳೆ ಎಕ್ಟಾಕ್ರೋಮ್ ಸಿಕ್ಕಿದರೂ ಅಷ್ಟೇ, ಇ-6ರ ಬಿಸಿ ಅದರ ಲೇಪಕ್ಕೆ ತಡೆಯುವುದಿಲ್ಲ.

ಲ್ಯಾಬಿನ ಒಳಗೆ ಏನಾಗುತ್ತದೆ

ಇದು ಗೊತ್ತಿದ್ದರೆ ಲ್ಯಾಬ್‌ನವರ ಹತ್ತಿರ ಮಾತಾಡುವುದು ಸುಲಭ. ಇ-6ರ ಮೊದಲ ಡೆವಲಪರ್ ನಿಜಕ್ಕೂ ಕಪ್ಪು-ಬಿಳುಪಿನದು. 38 ಡಿಗ್ರಿ ಬಿಸಿ, 6 ನಿಮಿಷ. ಬೆಳಕು ಬಿದ್ದ ಕಡೆಯೆಲ್ಲ ಬೆಳ್ಳಿ ಕಪ್ಪಾಗಿ ನಿಲ್ಲುತ್ತದೆ. ಆಮೇಲೆ ನೀರಲ್ಲಿ ತೊಳೆದು ರಿವರ್ಸಲ್ ದ್ರಾವಣಕ್ಕೆ ಹಾಕುತ್ತಾರೆ. ಇಲ್ಲಿ ಆಟ ತಿರುಗುತ್ತದೆ. ಬೆಳಕು ಬೀಳದೆ ಉಳಿದ ಜಾಗಗಳು ಡೆವಲಪ್ ಆಗಲು ಸಿದ್ಧವಾಗುತ್ತವೆ. ಕಲರ್ ಡೆವಲಪರ್ ಬಂದು ಆ ಉಳಿದ ಜಾಗದಲ್ಲಿ ಬಣ್ಣ ಹುಟ್ಟಿಸುತ್ತದೆ. ಕೊನೆಗೆ ಬ್ಲೀಚ್ ಮತ್ತು ಫಿಕ್ಸರ್ ಸೇರಿ ಬೆಳ್ಳಿಯನ್ನೆಲ್ಲ ತೆಗೆದುಹಾಕುತ್ತವೆ. ಫಿಲ್ಮ್ ಮೇಲೆ ಉಳಿಯುವುದು ಬರೀ ಬಣ್ಣ.

ಅಂದರೆ ಬೆಳಕು ತುಂಬಾ ಬಿದ್ದ ಜಾಗದಲ್ಲಿ ಕೊನೆಗೆ ಏನೂ ಇರುವುದಿಲ್ಲ. ಬರಿ ತಿಳಿ ಪ್ಲಾಸ್ಟಿಕ್. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ಗಿಡ ಪೂರ್ತಿ ಬೆಳ್ಳಗಾಗುತ್ತದಲ್ಲ, ಆ ಹೂವನ್ನು ಮಧ್ಯಾಹ್ನದ ಬಿಸಿಲಲ್ಲಿ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡು ಪಟ್ಟು ಬೆಳಕು ಕೊಟ್ಟು ತೆಗೆದರೆ ದಳದ ಗೆರೆಗಳೆಲ್ಲ ಮಾಯ. ಯಾವ ಲ್ಯಾಬೂ ಅದನ್ನು ವಾಪಸ್ ತರುವುದಿಲ್ಲ. ಸ್ಲೈಡ್‌ನಲ್ಲಿ ಬೆಳಕಿನ ಭಾಗವನ್ನು ಲೆಕ್ಕ ಹಾಕಿ ತೆಗೆಯಿರಿ, ನೆರಳು ಕಪ್ಪಾದರೆ ಆಗಲಿ. ಅನುಮಾನ ಇದ್ದರೆ ಅರ್ಧ ಸ್ಟಾಪ್ ಆಚೆ, ಅರ್ಧ ಸ್ಟಾಪ್ ಈಚೆ ಇನ್ನೆರಡು ತೆಗೆಯಿರಿ. ಫಿಲ್ಮ್ ದುಬಾರಿ, ಒಪ್ಪಿದೆ. ಆದರೆ ಹೂವು ನಿಲ್ಲುವುದು ಎರಡು-ಮೂರು ದಿನ.

ಇಡೀ ರೀಲನ್ನು ತಪ್ಪು ಐಎಸ್‌ಒಗೆ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಇಟ್ಟು ತೆಗೆದುಬಿಟ್ಟಿದ್ದರೆ ಮಾತ್ರ ಲ್ಯಾಬ್ ಸ್ವಲ್ಪ ಸಹಾಯ ಮಾಡಬಹುದು. 100ರ ಫಿಲ್ಮನ್ನು 200 ಅಂತ ಇಟ್ಟು ತೆಗೆದಿದ್ದರೆ "ಒಂದು ಸ್ಟಾಪ್ ಪುಶ್" ಅಂತ ಬರೆದು ಕಳಿಸಿ. ಆ ಮೊದಲ 6 ನಿಮಿಷವನ್ನು ಅವರು ಸುಮಾರು 8ಕ್ಕೆ ಏರಿಸುತ್ತಾರೆ. ಎಲ್ಲ ಲ್ಯಾಬ್‌ಗಳೂ ಇದನ್ನು ಮಾಡುವುದಿಲ್ಲ, ಮಾಡಿದರೆ ಬೇರೆ ಚಾರ್ಜ್ ಇರುತ್ತದೆ.

ಲ್ಯಾಬ್‌ಗೆ ಮೊದಲು ಫೋನ್ ಮಾಡಿ

ರೀಲು ಪೋಸ್ಟ್ ಮಾಡಿ ಆಮೇಲೆ ಫೋನ್ ಮಾಡುವುದಲ್ಲ. ಸಿ-41 ಮಾಡುವ ಲ್ಯಾಬ್‌ಗಳು ದೊಡ್ಡ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಇ-6 ಮಾಡುವವರು ಅವರಲ್ಲೂ ಕಡಿಮೆ. "ಸ್ಲೈಡ್ ಮಾಡ್ತೀರಾ" ಅಂತ ಕೇಳಿದರೆ ಕೆಲವರು ಹೂಂ ಅನ್ನುತ್ತಾರೆ, ಆದರೆ ಅವರು ಹೇಳುವುದು ಸ್ಲೈಡ್ ಸ್ಕ್ಯಾನ್ ಬಗ್ಗೆ. "ಇ-6 ಕೆಮಿಕಲ್‌ನಲ್ಲಿ, ನಿಮ್ಮಲ್ಲೇ ತೊಳೆಯುತ್ತೀರಾ?" ಅಂತ ಬಿಡಿಸಿ ಕೇಳಿ. ಕೆಲವರು ರೀಲು ತೆಗೆದುಕೊಂಡು ಇನ್ನೊಂದು ಊರಿಗೆ ಕಳಿಸುತ್ತಾರೆ. ಅದು ತಪ್ಪಲ್ಲ, ಆದರೆ ನಿಮ್ಮ ರೀಲು ಇನ್ನೂ ಎರಡು ಪ್ರಯಾಣ ಮಾಡುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು.

ಎರಡನೇ ಪ್ರಶ್ನೆ: ಮುಂದಿನ ಬ್ಯಾಚ್ ಯಾವಾಗ? ಇ-6 ಕೆಮಿಕಲ್ ಬೆರೆಸಿಟ್ಟ ಮೇಲೆ ಸುಮ್ನೆ ಕೂತರೆ ಕೆಡುತ್ತದೆ. ಅದಕ್ಕೇ ಲ್ಯಾಬ್‌ನವರು ಸಾಕಷ್ಟು ರೀಲು ಸೇರುವವರೆಗೆ ಕಾದು ಒಟ್ಟಿಗೆ ತೊಳೆಯುತ್ತಾರೆ. ಬ್ಯಾಚ್‌ಗೆ ಎರಡು ದಿನ ಮೊದಲು ತಲುಪುವ ಹಾಗೆ ಕಳಿಸಿದರೆ ನಿಮ್ಮ ರೀಲು ಯಾರದೋ ಡ್ರಾಯರ್‌ನಲ್ಲಿ ಮೂರು ವಾರ ಮಲಗುವುದು ತಪ್ಪುತ್ತದೆ.

ಮೂರನೆಯದು, ಬಿಸಿ ಹೇಗೆ ಕಾಯ್ದುಕೊಳ್ಳುತ್ತಾರೆ ಅನ್ನುವುದು. ಮೊದಲ ಡೆವಲಪರ್ 38 ಡಿಗ್ರಿಯಿಂದ 0.3 ಡಿಗ್ರಿಗಿಂತ ಆಚೀಚೆ ಹೋಗಬಾರದು. ಒಳ್ಳೆಯ ಲ್ಯಾಬ್‌ನವರು ಈ ಪ್ರಶ್ನೆಗೆ ಖುಷಿಯಿಂದ ಹತ್ತು ನಿಮಿಷ ಮಾತಾಡುತ್ತಾರೆ. "ಅದೆಲ್ಲ ನಾವು ನೋಡ್ಕೋತೀವಿ ಸಾರ್" ಅಂದರೆ ನಾನು ಇನ್ನೊಂದು ನಂಬರ್ ಹುಡುಕುತ್ತೇನೆ.

ಹೊಸ ಲ್ಯಾಬ್‌ಗೆ ಮೊದಲ ಸಲ ಒಂದೇ ರೀಲು ಕಳಿಸಿ. ಮನೆ ಗೇಟು, ನಾಯಿ, ಕಣದಲ್ಲಿ ಒಣಹಾಕಿದ ಕಾಫಿ, ಇಂಥದ್ದೇನಾದರೂ ತೆಗೆದದ್ದು. ಅದು ಚೆನ್ನಾಗಿ ಬಂದ ಮೇಲೆ ಮುಖ್ಯವಾದದ್ದು.

ರೀಲಿನ ಮೇಲೆ ಬರೆಯಿರಿ

ಈಗ ನನ್ನ ಅರ್ಧ ತಪ್ಪಿನ ಕತೆ. ವಿರಾಜಪೇಟೆಯಲ್ಲಿ ಗೆಳೆಯನ ಮದುವೆ. ನಾಲ್ಕು ರೀಲು ಕಲರ್ ನೆಗೆಟಿವ್, ಒಂದು ರೀಲು ಎಕ್ಟಾಕ್ರೋಮ್. ಐದನ್ನೂ ಒಂದೇ ಕವರ್‌ಗೆ ಹಾಕಿ, ಹೊರಗೆ "4 ಸಿ-41, 1 ಇ-6" ಅಂತ ಬರೆದು ಕಳಿಸಿದೆ. ಲ್ಯಾಬ್‌ನಲ್ಲಿ ಕವರ್ ಹರಿದು ಡಸ್ಟ್‌ಬಿನ್‌ಗೆ ಹೋಯಿತು, ಐದೂ ರೀಲು ಒಂದೇ ಟ್ರೇಗೆ ಹೋದವು. ಎಲ್ಲವನ್ನೂ ಸಿ-41ರಲ್ಲಿ ತೊಳೆದುಬಿಟ್ಟರು. ಎಕ್ಟಾಕ್ರೋಮ್ ನೆಗೆಟಿವ್ ಆಗಿ ಬಂತು. ಮದುಮಗನ ಬಿಳಿ ಕುಪ್ಯ (ಕೊಡವರ ಉದ್ದ ಅಂಗಿ) ಇದ್ದಿಲ ಹಾಗೆ ಕಪ್ಪು, ಮದುಮಗಳ ಕೆಂಪು ಸೀರೆ ನೀಲಿ-ಹಸಿರು. ಸ್ಕ್ಯಾನ್ ಮಾಡಿ ತಿರುಗಿಸಿದರೆ ಎಲ್ಲರ ಮುಖಕ್ಕೂ ಜಾಂಡೀಸ್ ಬಂದ ಬಣ್ಣ. ಬೇಕೆಂದೇ ಹೀಗೆ ಮಾಡಿಸುವವರೂ ಇದ್ದಾರೆ, ಕ್ರಾಸ್ ಪ್ರೊಸೆಸ್ ಅನ್ನುತ್ತಾರೆ. ಗೆಳೆಯನ ಹೆಂಡತಿಗೆ ಅದನ್ನು ವಿವರಿಸಲು ನನಗೆ ಧೈರ್ಯ ಬರಲಿಲ್ಲ.

ಫೋನ್ ಮಾಡಿದರೆ ಅವರು ಹೇಳಿದ್ದು ಇಷ್ಟೇ: "ಕವರ್ ಮೇಲೆ ಬರೆದಿದ್ರಿ ಸಾರ್, ರೋಲ್ ಮೇಲೆ ಬರೆದಿರಲಿಲ್ಲ." ಕ್ಯಾಸೆಟ್ ಮೇಲೆ ಇ-6 ಅಂತ ಅಚ್ಚಾಗಿತ್ತು, ನಿಜ. ಸಣ್ಣ ಅಕ್ಷರ, ಅರೆಗತ್ತಲೆ, ಕೆಲಸದ ಅವಸರ.

ಅಂದಿನಿಂದ ನಾನು ಹೀಗೆ ಮಾಡುತ್ತೇನೆ. ಬಿಳಿ ಕಾಗದದ ಟೇಪ್ ಒಂದು ತುಂಡು ಕ್ಯಾಸೆಟ್‌ಗೆ ಸುತ್ತುತ್ತೇನೆ. ಫಿಲ್ಮ್ ಹೊರಬರುವ ಬಾಯಿಗೆ ಮಾತ್ರ ಟೇಪ್ ಬರಬಾರದು, ಅಂಟು ಒಳಗೆ ಹೋದರೆ ಕಷ್ಟ. ಅದರ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ದಪ್ಪಕ್ಕೆ ಇ-6, ರೀಲಿನ ನಂಬರ್, ನನ್ನ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ. ಲ್ಯಾಬ್ ಬೇರೆ ರಾಜ್ಯದಲ್ಲಿದ್ದರೆ ಇದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಅಭಿಮಾನ ಆಮೇಲೆ. ಪುಶ್ ಇದ್ದರೆ ಅದನ್ನು ಕೆಂಪು ಮಾರ್ಕರ್‌ನಲ್ಲಿ ಬರೆಯುತ್ತೇನೆ. ಸ್ಲೈಡ್ ಮತ್ತು ನೆಗೆಟಿವ್ ಎಂದೂ ಒಂದೇ ಚೀಲದಲ್ಲಿ ಇಡುವುದಿಲ್ಲ, ಎರಡು ಜಿಪ್ ಕವರ್.

ರೀಲು ಸುತ್ತುವಾಗ ಬಾಲ ಪೂರ್ತಿ ಒಳಗೆ ಹೋಗಲಿ. ಬಾಲ ಹೊರಗಿದ್ದರೆ ಮರೆತು ಇನ್ನೊಮ್ಮೆ ಕ್ಯಾಮೆರಾಗೆ ಹಾಕಿಬಿಡುವ ಅಪಾಯ ಇದೆ. ಬಾಲ ಹೊರಗೇ ಬೇಕು ಅನ್ನುವ ಲ್ಯಾಬ್‌ಗಳೂ ಇವೆ, ಫೋನಲ್ಲಿ ಅದನ್ನೂ ಕೇಳಿಕೊಳ್ಳಿ. 120 ರೀಲಾದರೆ (ಕಾಗದದ ಜೊತೆ ಸುತ್ತಿರುವ ಅಗಲದ ಫಿಲ್ಮ್) ಕೊನೆಯ ಕಾಗದದ ಪಟ್ಟಿಯನ್ನು ಬಿಗಿಯಾಗಿ ಅಂಟಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಅದಕ್ಕೆ ಕ್ಯಾಸೆಟ್ ಇಲ್ಲ, ಸಡಿಲವಾದರೆ ಅಂಚಿನಿಂದ ಬೆಳಕು ನುಗ್ಗುತ್ತದೆ.

ಜೊತೆಗೆ ಒಂದು ಚೀಟಿ. ಹೆಸರು, ಫೋನ್, ಎಷ್ಟು ರೀಲು, ಯಾವ ಫಿಲ್ಮ್, ಯಾವ ಐಎಸ್‌ಒಗೆ ತೆಗೆದದ್ದು, ಇ-6 ಮಾತ್ರ, ಮೌಂಟ್ ಬೇಕೋ ಬೇಡವೋ, ಸ್ಕ್ಯಾನ್ ಬೇಕೋ ಬೇಡವೋ, ವಾಪಸ್ ಕಳಿಸುವ ವಿಳಾಸ. ಕೊನೆಗೆ "ಫಿಲ್ಮ್ ವಾಪಸ್ ಬೇಕು" ಅಂತ ಅಡಿಗೆರೆ ಹಾಕಿ. ಈಗಿನ ಹುಡುಗರು ಸ್ಕ್ಯಾನ್ ಸಿಕ್ಕಿದರೆ ಸಾಕು ಅಂತ ಫಿಲ್ಮ್ ಕೇಳುವುದೇ ಇಲ್ಲ. ನಮಗೆ ಬೇಕಾದದ್ದೇ ಅದು, ಅಲ್ವಾ?

ಮೌಂಟ್ ಬಗ್ಗೆ ಒಂದು ಮಾತು. ಮೌಂಟ್ ಅಂದರೆ ಒಂದೊಂದು ಚಿತ್ರವನ್ನೂ ಕತ್ತರಿಸಿ 50 ಮಿಲಿಮೀಟರ್ ಚೌಕಟ್ಟಿಗೆ ಹಾಕುವುದು. ಪ್ರೊಜೆಕ್ಟರ್ ಇಲ್ಲದಿದ್ದರೆ ಬೇಡ, ಆರಾರು ಚಿತ್ರದ ಪಟ್ಟಿಗಳಾಗಿ ಪಾರದರ್ಶಕ ಹಾಳೆಯಲ್ಲಿ ಹಾಕಿಕೊಡಿ ಅನ್ನಿ. ಬೆಂಕಿ, ದೀಪ, ರಾತ್ರಿಯ ಚಿತ್ರಗಳಿದ್ದರೆ ಇನ್ನೂ ಹುಷಾರು. ಕಪ್ಪು ಚಿತ್ರದ ಅಂಚು ಎಲ್ಲಿ, ಎರಡು ಚಿತ್ರದ ನಡುವಿನ ಸಂದು ಎಲ್ಲಿ ಅಂತ ಕತ್ತರಿಸುವವರಿಗೆ ತಿಳಿಯುವುದಿಲ್ಲ, ಎರಡೂ ಕಪ್ಪೇ. ಅದಕ್ಕೆ ನಾನು ಪ್ರತಿ ರೀಲಿನ ಮೊದಲ ಚಿತ್ರ ಹಗಲಲ್ಲಿ, ಬೆಳಕಿರುವ ಗೋಡೆಯನ್ನೋ ಆಕಾಶವನ್ನೋ ತೆಗೆಯುತ್ತೇನೆ. ಅದರ ಅಂಚು ಹಿಡಿದು ಉಳಿದದ್ದನ್ನು ಅಳೆಯಬಹುದು.

ಕಟ್ಟುವುದು, ಕಳಿಸುವುದು

ಪ್ರತಿ ರೀಲು ಅದರ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಡಬ್ಬಿಗಳು ಜಿಪ್ ಕವರ್‌ನಲ್ಲಿ, ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ. ಅದು ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ, ಸುತ್ತ ಪೇಪರ್ ಮುದ್ದೆ. ಅಲುಗಾಡಿಸಿದರೆ ಸದ್ದು ಬರಬಾರದು. ಬರೀ ಲಕೋಟೆಯಲ್ಲಿ ಕಳಿಸಬೇಡಿ, ಸೀಲು ಹೊಡೆಯುವ ಕಡೆ ಏಟು ತಿನ್ನುತ್ತದೆ. ಮುಚ್ಚುವ ಮೊದಲು ಎಲ್ಲವನ್ನೂ ಮೇಜಿನ ಮೇಲೆ ಹರಡಿ ಫೋನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. "ಮೂರೇ ಇತ್ತು ಸಾರ್" ಅನ್ನುವ ಮಾತು ಬಂದಾಗ ಉಪಯೋಗಕ್ಕೆ ಬರುತ್ತದೆ.

ರೀಲು ಫ್ರಿಜ್‌ನಲ್ಲಿದ್ದರೆ ಎರಡು-ಮೂರು ಗಂಟೆ ಹೊರಗಿಟ್ಟು, ಆಮೇಲೆ ಡಬ್ಬಿ ತೆರೆಯಿರಿ. ಜುಲೈಯಲ್ಲಿ ಮಡಿಕೇರಿಯ ಗಾಳಿಯಲ್ಲಿ ತಣ್ಣನೆಯ ಡಬ್ಬಿ ತೆರೆದರೆ ಕಣ್ಣೆದುರೇ ಬೆವರುತ್ತದೆ. ಮಳೆಗಾಲದಲ್ಲಿ ನಾನು ಪಾರ್ಸಲನ್ನು ಒಲೆ ಇರುವ ಅಡುಗೆಮನೆಯಲ್ಲಿ ಕಟ್ಟುತ್ತೇನೆ, ಒಲೆಯಿಂದ ದೂರ ಕೂತು. ಮನೆಯಲ್ಲಿ ಒಣಗಿದ ಗಾಳಿ ಇರುವುದು ಅಲ್ಲಿ ಮಾತ್ರ.

ಕೊಡಗಿಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಇದು ಫಿಲ್ಮ್ ಕಳಿಸುವವರಿಗೆ ಒಳ್ಳೆಯದೇ. ಬೆಂಗಳೂರಿನ ಲ್ಯಾಬ್ ಆದರೆ ಪಾರ್ಸಲ್ ಕುಶಾಲನಗರ, ಹುಣಸೂರು, ಮೈಸೂರು ದಾಟಿ ನೆಲದ ಮೇಲೆಯೇ ಹೋಗುತ್ತದೆ. ದೂರದ ಊರಾದರೆ ವಿಮಾನ, ವಿಮಾನ ಅಂದರೆ ಎಕ್ಸ್‌ರೇ. ಐಎಸ್‌ಒ 50, 100ರ ಸ್ಲೈಡ್ ಫಿಲ್ಮ್‌ಗೆ ಒಂದೆರಡು ಸಾಮಾನ್ಯ ಸ್ಕ್ಯಾನ್‌ನಿಂದ ಕಣ್ಣಿಗೆ ಕಾಣುವಂಥ ತೊಂದರೆ ಆಗುವುದಿಲ್ಲ. ಹೊಸ ಸಿಟಿ ಸ್ಕ್ಯಾನರ್‌ಗಳು, ಸರಕಿಗೆ ಬಳಸುವ ಜೋರಾದ ಎಕ್ಸ್‌ರೇ ಮೆಷಿನ್‌ಗಳು ಮಾತ್ರ ಅಪಾಯ. ಪೆಟ್ಟಿಗೆ ಮೇಲೆ "ಫೋಟೋ ಫಿಲ್ಮ್, ಎಕ್ಸ್‌ರೇ ಬೇಡ" ಅಂತ ಬರೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಸೀಸದ ಚೀಲವೂ ಬೇಡ. ಒಳಗೇನಿದೆ ಅಂತ ಕಾಣದಿದ್ದರೆ ಪಾರ್ಸಲ್ ಬಿಚ್ಚುತ್ತಾರೆ. ಎರಡು ಲ್ಯಾಬ್ ಸರಿಸಮ ಇದ್ದರೆ ರಸ್ತೆಯಲ್ಲಿ ತಲುಪುವುದನ್ನು ಆರಿಸಿಕೊಳ್ಳಿ. ಬೆಂಗಳೂರಿಗೆ ಯಾರಾದರೂ ಬಸ್ಸಲ್ಲಿ ಹೋಗುವವರಿದ್ದರೆ ಅವರ ಕೈಯಲ್ಲೇ ಕೊಟ್ಟು ಕಳಿಸುವುದು ಇನ್ನೂ ಒಳ್ಳೆಯದು. ಮೆಟ್ರೋ ಹತ್ತುವುದಾದರೆ ಬ್ಯಾಗ್ ಮೆಷಿನ್‌ಗೆ ಹಾಕುವ ಮೊದಲು ರೀಲು ಕೈಗೆ ತೆಗೆದುಕೊಳ್ಳಲು ಹೇಳಿ.

ಮುಖ್ಯವಾದ ಸಮಾರಂಭದ ರೀಲುಗಳನ್ನು ಎರಡು ಪಾಲು ಮಾಡಿ, ಒಂದು ಪಾಲು ತಲುಪಿದ ಮೇಲೆ ಇನ್ನೊಂದು ಕಳಿಸಿ. ಖರ್ಚು ಎರಡು ಪಟ್ಟು, ನಿದ್ದೆ ಚೆನ್ನಾಗಿ ಬರುತ್ತದೆ. ಸ್ಪೀಡ್ ಪೋಸ್ಟ್ ಆದರೆ ರಸೀದಿಯಲ್ಲಿರುವ 13 ಅಕ್ಷರದ ನಂಬರನ್ನು ಲ್ಯಾಬ್‌ಗೆ ವಾಟ್ಸಾಪ್ ಮಾಡಿ. ಶುಕ್ರವಾರ, ಶನಿವಾರ ಕಳಿಸಬೇಡಿ. ಭಾನುವಾರವೆಲ್ಲ ಪಾರ್ಸಲ್ ಯಾವುದೋ ಬಿಸಿಲ ಶೆಡ್‌ನಲ್ಲಿ ಕೂರುತ್ತದೆ.

ವಾಪಸ್ ಬರುವ ವಿಳಾಸವೇ ನಮ್ಮ ಕಡೆಯ ದೊಡ್ಡ ತಲೆನೋವು. ತೋಟದ ಮನೆಗೆ ಮನೆ ನಂಬರ್ ಇರುವುದಿಲ್ಲ. ಪೋಸ್ಟ್‌ಮ್ಯಾನ್‌ಗೆ ಮನೆ ಹೆಸರು ಸಾಕು, ಕೊರಿಯರ್ ಹುಡುಗನಿಗೆ ಸಾಲದು. "ಪೇಟೆಗೆ ಬಂದು ತಗೊಳ್ಳಿ ಸಾರ್" ಅಂತ ಫೋನ್ ಬರುತ್ತದೆ. ಆ ಹೊತ್ತಿಗೆ ನಿಮ್ಮ ಫೋನ್‌ಗೆ ಸಿಗ್ನಲ್ ಇಲ್ಲದಿದ್ದರೆ ಪಾರ್ಸಲ್ ಬಂದ ದಾರಿಯಲ್ಲೇ ವಾಪಸ್. ಪೇಟೆಯಲ್ಲಿ ಪರಿಚಯದ ಅಂಗಡಿಯ ವಿಳಾಸ, ಅವರ ನಂಬರ್ ಕೂಡ ಕೊಡಿ. ನನ್ನ ಸ್ಲೈಡ್‌ಗಳೆಲ್ಲ ಒಂದು ಗೊಬ್ಬರದ ಅಂಗಡಿಗೆ ಬರುತ್ತವೆ.

ದೊಡ್ಡ ಸ್ಕ್ಯಾನ್ ಫೈಲುಗಳನ್ನು ಲಿಂಕ್ ಮೂಲಕ ಕಳಿಸುತ್ತೇವೆ ಅಂದರೆ ಮೊದಲು ಸಣ್ಣ ಜೆಪೆಗ್ ಕೇಳಿ. ದೊಡ್ಡ ಟಿಫ್ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಫಿಲ್ಮ್ ಜೊತೆಗೇ ಕಳಿಸಲಿ. ತೋಟದ ನೆಟ್‌ವರ್ಕ್‌ನಲ್ಲಿ ಅದು ಇಳಿಯುವ ಹೊತ್ತಿಗೆ ಇನ್ನೊಂದು ಕಾಫಿ ಕೊಯ್ಲು ಬಂದಿರುತ್ತದೆ.

ಬಂದ ಮೇಲೆ ಓದುವುದು

ಪೊಟ್ಟಣ ಬಿಚ್ಚಿದ ಕೂಡಲೇ ಚಿತ್ರ ನೋಡಬೇಡಿ, ಅಂಚು ನೋಡಿ. ಚಿತ್ರದ ಹೊರಗಿನ ಪಟ್ಟಿ ಗಾಢ ಕಪ್ಪಾಗಿರಬೇಕು, ಅದರಲ್ಲಿ ಫಿಲ್ಮ್ ಹೆಸರು, ಅಂಕಿಗಳು ಬೆಳಗಬೇಕು. ಅಂಚು ಕಪ್ಪಗಿದ್ದು ಅಂಕಿ ಸ್ಪಷ್ಟವಾಗಿದ್ದು ಚಿತ್ರ ಮಾತ್ರ ಕತ್ತಲೆಯಾಗಿದ್ದರೆ ನೀವು ಬೆಳಕು ಕಡಿಮೆ ಕೊಟ್ಟಿದ್ದೀರಿ. ಅಂಚೇ ಕಂದು ಅಥವಾ ಹಸಿರು ಛಾಯೆಗೆ ತಿರುಗಿ ತೆಳುವಾಗಿದ್ದರೆ ತೊಳೆದದ್ದರಲ್ಲಿ ಅಥವಾ ರೀಲಿನ ವಯಸ್ಸಿನಲ್ಲಿ ಏನೋ ಇದೆ. ಆಗ ಅಂಚಿನ ಫೋಟೋ ತೆಗೆದು ಲ್ಯಾಬ್‌ಗೆ ಕಳಿಸಿ ಕೇಳಿ. ಬರೀ "ಚೆನ್ನಾಗಿ ಬಂದಿಲ್ಲ" ಅಂದರೆ ಅವರಿಗೂ ಏನೂ ತಿಳಿಯುವುದಿಲ್ಲ.

ನನ್ನ ಪೂರ್ತಿ ತಪ್ಪಿನ ಕತೆ ಇಲ್ಲಿಯದು. ಮಾಂದಲ್‌ಪಟ್ಟಿಯಲ್ಲಿ ತೆಗೆದ ರೀಲು ಉದ್ದಕ್ಕೂ ಕಪ್ಪಾಗಿ ಬಂತು. ಲ್ಯಾಬ್‌ಗೆ ಫೋನ್ ಹಚ್ಚಿ ದನಿ ಏರಿಸಿದೆ. "ಅಂಕಿ ಕಾಣ್ತಿದೆಯಾ ಸಾರ್?" ಅಂದರು. ಕಾಣುತ್ತಿತ್ತು, ಚೊಕ್ಕವಾಗಿ. ಸ್ಲೈಡ್‌ನಲ್ಲಿ ಬೆಳಕು ಬೀಳದ ಫಿಲ್ಮ್ ಕಪ್ಪಾಗಿಯೇ ಬರುತ್ತದೆ. ರೀಲಿನ ಬಾಲ ಕ್ಯಾಮೆರಾದ ಹಲ್ಲಿಗೆ ಸಿಕ್ಕಿರಲೇ ಇಲ್ಲ, 36 ಸಲ ಖಾಲಿ ಕ್ಲಿಕ್ ಮಾಡಿದ್ದೆ. ಫಿಲ್ಮ್ ಹಾಕಿದ ಮೇಲೆ ಮುಂದಕ್ಕೆ ಎಳೆಯುವಾಗ ಎಡಗಡೆಯ ಸುತ್ತುವ ಹಿಡಿ ತಿರುಗುತ್ತಿದೆಯಾ ನೋಡಿ. ತಿರುಗದಿದ್ದರೆ ಅಲ್ಲೇ ನಿಲ್ಲಿಸಿ.

ಸ್ಲೈಡ್ ನೋಡಲು ಮೊಬೈಲ್ ಪರದೆ ಬೆಳ್ಳಗೆ ಮಾಡಿ ಹಿಡಿಯುವುದು ತತ್ಕಾಲಕ್ಕೆ ಪರವಾಗಿಲ್ಲ, ಬಣ್ಣ ನಂಬಬೇಡಿ. 5000 ಕೆಲ್ವಿನ್‌ನ ಒಳ್ಳೆಯ ಎಲ್‌ಇಡಿ ಹಲಗೆ ಮತ್ತು ಒಂದು ಭೂತಗನ್ನಡಿ ಸಾಕು.

ಇಡುವುದು ಒಣ ಜಾಗದಲ್ಲಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟ್‌ಗೆ ಬರುವ ಬೂಷ್ಟೇ ಸ್ಲೈಡ್‌ಗೂ ಬರುತ್ತದೆ, ಫಿಲ್ಮ್ ಮೇಲಿನ ಜೆಲಾಟಿನ್ ಅದಕ್ಕೆ ಊಟ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಒಂದು ಹಿಡಿ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಅಂತ. ಅದನ್ನು ಅಡುಗೆಗೆ ಬಳಸದ ಒಂದು ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾದ ಮೇಲೆ ಆರಿಸಿ ಡಬ್ಬಿಗೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹದಿನೈದು ದಿನಕ್ಕೊಮ್ಮೆ ಹರಳಿನ ಬಣ್ಣ ನೋಡುತ್ತೇನೆ. ಡಬ್ಬಿ ಪಾರದರ್ಶಕವಾಗಿದ್ದರೆ ಮುಚ್ಚಳ ತೆಗೆಯುವ ಕೆಲಸವೂ ಇಲ್ಲ.